ಬರಿ ಬಾಣಲೆಯ ಒಗ್ಗರಣೆ

ನಾನು ಒಂದು ಉಪ್ಪಿಟ್ಟು ಮಿಕ್ಸಿನ ಪೊಟ್ಟಣ. ಹುಟ್ಟಿದ್ದು ತುಮಕೂರಿನ ಸಣ್ಣದೊಂದು ಕಾರ್ಖಾನೆಯಲ್ಲಿ. ಹುರಿದ ರವೆ, ಒಣಗಿಸಿದ ಈರುಳ್ಳಿ, ಶುಂಠಿ, ಉಪ್ಪು ಎಲ್ಲವನ್ನೂ ನನ್ನ ಹೊಟ್ಟೆಗೆ ಸುರಿದು ಬಾಯಿ ಮುಚ್ಚಿದರು. ಎದೆಯ ಮೇಲೆ ‘ಕೊಬ್ಬುರಹಿತ’ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿದರು. ನನ್ನ ಜಂಬ ಕೇಳಬೇಕೆ! ಮನೆಮಂದಿಯೆಲ್ಲ ನನಗೆ ಆರತಿ ಎತ್ತಿ ಒಳಗೆ ಕರೆಯುತ್ತಾರೆ ಎಂದೇ ತಿಳಿದಿದ್ದೆ.

ಮಂಡ್ಯದ ಅಂಗಡಿಯಲ್ಲಿ ನನ್ನನ್ನು ಕೊಂಡವಳು ಸವಿತಾ. ಅವಳ ಮಾವ ತಿಮ್ಮೇಗೌಡರಿಗೆ ಹೃದಯದ ಆಪರೇಷನ್ ಆಗಿತ್ತು. ಎಣ್ಣೆ, ತುಪ್ಪ ಮುಟ್ಟಕೂಡದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಸಪ್ಪೆ ಗಂಜಿ ಕಂಡರೆ ಗೌಡರು ಮುಖ ತಿರುಗಿಸುತ್ತಿದ್ದರು. ಸೊರಗಿ ಕಡ್ಡಿಯಾಗಿದ್ದರು. ಹೀಗೇ ಊಟ ಬಿಟ್ಟರೆ ಉಳಿಯುತ್ತಾರೋ ಇಲ್ಲವೋ ಎಂಬ ಭಯ ಮನೆಯವರಿಗೆ.

“ಕುದಿಯೋ ನೀರಿಗೆ ಹಾಕಿದ್ರೆ ಆಯ್ತು ಅತ್ತೆ. ಒಗ್ಗರಣೆನೇ ಬೇಡ,” ಎಂದಳು ಸವಿತಾ.

ಅತ್ತೆ ಪುಟ್ಟಗೌರಮ್ಮ ಕೆಂಡ ಮುಟ್ಟಿದವರಂತೆ ನನ್ನನ್ನು ಕೆಳಗಿಟ್ಟರು.

“ಏನವ್ವ ಹಿಂಗಂತೀಯ? ಒಗ್ಗರಣೆ ಇಲ್ದೆ ಬೇಯ್ಸೋದು ಸಾವಾದ ಮನೇಲಿ. ನಿಮ್ಮಾವ ಕಣ್ಮುಂದೆ ಕೂತವ್ರೆ, ನಾನೆಂಗವ್ವ ಮಾಡ್ಲಿ?”

ನನ್ನ ಜಂಬವೆಲ್ಲ ಜರ್ರನೆ ಇಳಿಯಿತು. ಜೀವ ಉಳಿಸಲು ಬಂದವನು ನಾನು; ಆ ತಾಯಿಗೆ ಅಪಶಕುನವಾಗಿ ಕಂಡಿದ್ದೆ.

ಪುಟ್ಟಗೌರಮ್ಮ ಒಲೆ ಹಚ್ಚಿದರು. ಆಮೇಲೆ ಬರಿ ಬಾಣಲೆಯನ್ನು ಚೆನ್ನಾಗಿ ಕಾಯಿಸಿ ಒಂದು ಚಿಟಿಕೆ ಸಾಸಿವೆ ಎಸೆದರು. ಹನಿ ಎಣ್ಣೆಯಿಲ್ಲ! ಆದರೂ ಸಾಸಿವೆ ಚಟಪಟ ಸಿಡಿಯಿತು. ಕರಿಬೇವೂ ಬಿತ್ತು, ಘಮ ನಡುಮನೆಯವರೆಗೆ ಹರಡಿತು.

“ಬದುಕಿರೋ ಮನೆ ಕಣವ್ವ ಇದು. ಸದ್ದು ಕೇಳ್ಬೇಕು,” ಎಂದು ನೀರು ಹುಯ್ದು, ನನ್ನ ಬಾಯಿ ಕತ್ತರಿಸಿ ರವೆ ಸುರಿದರು. ಎಂಥ ಹೆಂಗಸು! ಡಾಕ್ಟರ ಮಾತನ್ನೂ ಮೀರಲಿಲ್ಲ, ತಮ್ಮ ಶಾಸ್ತ್ರವನ್ನೂ ಬಿಡಲಿಲ್ಲ. ನನಗೆ ಅವರ ಮೇಲೆ ಪ್ರೀತಿಯೇ ಹುಟ್ಟಿತು.

“ಯಾರೇ ಅದು, ಒಗ್ಗರಣೆ ಹಾಕ್ತಿರೋದು?” ನಡುಮನೆಯಿಂದ ಗೌಡರ ದನಿ.

“ನಾನೇ. ಎದ್ಬನ್ನಿ, ಬಿಸಿ ಆರೋಗ್ತದೆ.”

ಗೌಡರು ತಿಂದರು. ತಟ್ಟೆ ಬಳಿದು, “ಇನ್ನೊಂಚೂರು ಇಕ್ಕು,” ಎಂದರು. ಬಡಿಸಿದ ಪುಟ್ಟಗೌರಮ್ಮ ಗೋಡೆ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಈಗ ನಾನು ಖಾಲಿ. ಮತ್ತೆ ಇಂಥದ್ದನ್ನೇ ತರಬೇಕೆಂದು ಸವಿತಾ ನನ್ನನ್ನು ಮಡಿಸಿ ಕಿಟಕಿಯ ಸರಳಿಗೆ ಸಿಕ್ಕಿಸಿದ್ದಾಳೆ. ಬಿಸಿಲಿಗೆ ಬಣ್ಣ ಮಾಸುತ್ತಿದೆ, ನಾಳೆಯೋ ನಾಡಿದ್ದೋ ಕಸದ ಬುಟ್ಟಿ ಸೇರುತ್ತೇನೆ. ದುಃಖವಿಲ್ಲ. ತಿಮ್ಮೇಗೌಡರು ಗೋಡೆ ಹಿಡಿದುಕೊಂಡು ಅಡುಗೆಮನೆ ಬಾಗಿಲವರೆಗೂ ನಡೆದು ಬಂದಿದ್ದಾರೆ.

“ಮಧ್ಯಾನ್ನಕ್ಕೇನ್ಮಾಡ್ತೀಯೆ?” ಎಂದು ಕೇಳುತ್ತಿದ್ದಾರೆ.