ಡ್ರಾಯರಿನಲ್ಲಿದ್ದ ಕೈಪಟ್ಟಿ

ಕೈಪಟ್ಟಿಯನ್ನು ಕೊಟ್ಟವಳು ಅಕ್ಕ. ಸ್ಟೀಲಿನದು, ಬೆರಳಗಲದ ತಗಡು. ಅದರ ಮೇಲೆ ‘ಸಕ್ಕರೆ ಕಾಯಿಲೆ – ಇನ್ಸುಲಿನ್’ ಎಂದು ಕೊರೆಸಿ, ಕೆಳಗೆ ತನ್ನ ಫೋನ್ ನಂಬರು ಹಾಕಿಸಿದ್ದಳು. ತಮ್ಮ ಅದನ್ನು ದಾರಿಯುದ್ದಕ್ಕೂ ಹಾಕಿಕೊಂಡು ಬರುತ್ತಿದ್ದ. ಕ್ಷೌರದಂಗಡಿಯ ಮೆಟ್ಟಿಲು ಹತ್ತಿದ ಕೂಡಲೇ ಬಿಚ್ಚಿ ಕನ್ನಡಿಯ ಕೆಳಗಿನ ಡ್ರಾಯರಿಗೆ, ಬ್ಲೇಡಿನ ಪೊಟ್ಟಣಗಳ ಅಡಿಗೆ ತಳ್ಳುತ್ತಿದ್ದ.

ಅಂಗಡಿ ಸೋದರಮಾವನದು. ಎರಡು ಕುರ್ಚಿ, ಬಾಗಿಲ ಬಳಿಯದು ಮಾವನದು, ಒಳಗಿನದು ಇವನದು. ಮಾತು ಕಡಿಮೆಯೆಂದು ಗಿರಾಕಿಗಳು ಇವನನ್ನು ಮೌನಿ ಎನ್ನುತ್ತಿದ್ದರು.

“ಗಂಟಲ ಮೇಲೆ ಕತ್ತಿ ಆಡಿಸೋ ಕೈಗೆ ಕಾಯಿಲೆ ಬೋರ್ಡು ತಗುಲಿಸ್ಕೊಂಡ್ರೆ ಯಾರಪ್ಪಾ ತಲೆ ಕೊಡ್ತಾರೆ?” ಎಂದಿದ್ದ ಮಾವ. ತಪ್ಪೆನ್ನುವ ಹಾಗಿರಲಿಲ್ಲ. ಶೇವಿಗೆ ತಲೆ ಹಿಂದಕ್ಕೆ ಚೆಲ್ಲಿದ ಗಿರಾಕಿಗೆ ಕಾಣುವುದು ಎರಡೇ: ಮೇಲಿನ ಫ್ಯಾನು, ಕಣ್ಣ ಮುಂದೆ ಓಡಾಡುವ ಮಣಿಕಟ್ಟು.

ಆ ಶನಿವಾರ ಮಾವ ಊಟಕ್ಕೆ ಹೋಗಿದ್ದ. ಮೌನಿ ಪರದೆಯ ಹಿಂದೆ ನಿಂತು ಹೊಟ್ಟೆಗೆ ಇನ್ಸುಲಿನ್ ಸೂಜಿ ಚುಚ್ಚಿಕೊಂಡು, ಇನ್ನೇನು ಊಟದ ಡಬ್ಬಿ ಬಿಚ್ಚಬೇಕು, ಗಿರಾಕಿ ಬಂದ. ಬೇಗ ಮುಗಿಸಿದರಾಯಿತು ಎಂದುಕೊಂಡ. ಅವನ ಹಿಂದೆ ಇನ್ನೊಬ್ಬ. ಆಮೇಲೆ ನಿವೃತ್ತ ಪೋಸ್ಟ್ ಮಾಸ್ತರರು, “ಒಂದೇ ನಿಮಿಷ ಕಣಯ್ಯಾ, ಶೇವ್ ಅಷ್ಟೇ” ಎನ್ನುತ್ತ ಕೂತೇಬಿಟ್ಟರು. “ಊಟ ಮಾಡಿ ಬರ್ತೀನಿ” ಎಂಬ ಮೂರು ಮಾತು ಅವನ ಬಾಯಿಂದ ಹೊರಡಲಿಲ್ಲ.

ಮಾಸ್ತರರ ಬಲಗೆನ್ನೆ ಮುಗಿಯುವ ಹೊತ್ತಿಗೆ ಬೆನ್ನಲ್ಲಿ ತಣ್ಣನೆಯ ಬೆವರು ಇಳಿಯಿತು. ಕತ್ತಿ ಕೆಳಗಿಡಬೇಕು ಎಂಬಷ್ಟು ಮಾತ್ರ ತಲೆಗೆ ಹೊಳೆಯಿತು, ಇಟ್ಟ. ಹೀಗೆ ರಕ್ತದಲ್ಲಿ ಸಕ್ಕರೆ ಇಳಿದಾಗ ತಿನ್ನಲೆಂದು ಇಟ್ಟ ಸಕ್ಕರೆ ಡ್ರಾಯರಿನಲ್ಲಿದೆ ಎಂದು ಗೊತ್ತು. ಡ್ರಾಯರು ತೆರೆಯುವುದು ಹೇಗೆಂದೇ ಮರೆತುಹೋಗಿತ್ತು. ಏನೋ ತೊದಲಿ ನೆಲಕ್ಕೆ ಕುಸಿದ.

“ಥೂ, ಹಾಡುಹಗಲಲ್ಲೇ ಏರಿಸ್ಕೊಂಡಿದಾನೆ!” ಮಾಸ್ತರರು ಎಡಗೆನ್ನೆಯ ನೊರೆಯನ್ನು ಅಂಗಡಿಯ ಟವೆಲಿನಲ್ಲೇ ಒರೆಸಿಕೊಂಡು ಬೀದಿಗಿಳಿದರು. ಕೇಳಿದವರಿಗೆಲ್ಲ ಬೋಳಿಸದ ಕೆನ್ನೆ ತೋರಿಸಿ ಕಥೆ ಹೇಳಿದರು. ಅಷ್ಟರಲ್ಲಿ ಮಾವ ಬಂದು ಸಕ್ಕರೆ ನೀರು ಕುಡಿಸದಿದ್ದರೆ ಏನಾಗುತ್ತಿತ್ತೋ.

ಸಂಜೆ ಅಕ್ಕ ಮುಸುರೆ ಪಾತ್ರೆಗಳನ್ನು ದಡದಡ ಕುಕ್ಕಿದಳು. “ಕೈಗೆ ಹಾಕ್ಕೋ ಅಂತ ಕೊಟ್ರೆ ಡ್ರಾಯರಿಗೆ ಹಾಕಿದೀಯ. ಸಕ್ಕರೆ ಕಾಯಿಲೆ ಇರೋದು ನಿಂಗೋ, ಡ್ರಾಯರಿಗೋ?”

“ಗಿರಾಕಿಗಳು ಹೆದರ್ತಾರಕ್ಕ.”

“ನಾನು ಹೆದರಲ್ವಾ?”

ಅವನು ಪಾತ್ರೆಗಳನ್ನು ಎಳೆದುಕೊಂಡು ತೊಳೆಯತೊಡಗಿದ. ಹೆದರಿಕೆ ಇನ್ನೂ ಒಂದಿತ್ತು. ಅದನ್ನು ಅಕ್ಕನಿಗೆ ಹೇಳಲಿಲ್ಲ. ಕತ್ತಿ ಕೆಳಗಿಡಬೇಕೆಂದು ಹೊಳೆಯದೇ ಹೋಗಿದ್ದರೆ?

ಭಾನುವಾರ ಮಾವ ಏದುಸಿರು ಬಿಡುತ್ತ ಮನೆಗೆ ಬಂದ. “ಎಲ್ಲ ಸರಿಮಾಡಿದೀನಿ ಬಿಡು. ಮಾಸ್ತರ ಮನೆಗೇ ಹೋಗಿದ್ದೆ. ಇನ್ಮೇಲೆ ಕುಡಿಯಲ್ಲ ಅಂತ ನಿನ್ನ ಪರವಾಗಿ ಮಾತು ಕೊಟ್ಟೆ.”

“ನಾನು ಹುಟ್ಟಿದಾಗಿಂದ ಒಂದು ತೊಟ್ಟು ಮುಟ್ಟಿಲ್ಲ, ಮಾವ!”

“ಗೊತ್ತಪ್ಪ. ಆದ್ರೆ ಕುಡುಕ ಬಿಟ್ಟೆ ಅಂದ್ರೆ ಜನ ನಂಬ್ತಾರೆ. ಈ ಕಾಯಿಲೆ ಬಿಟ್ಟೆ ಅಂತ ಹೇಳೋಕಾಗುತ್ತಾ?”

ಮಾವನ ಮುಖದಲ್ಲಿ ಕಪಟವಿರಲಿಲ್ಲ. ನಿಜಕ್ಕೂ ಉಪಕಾರ ಮಾಡಿದೆನೆಂದೇ ನಂಬಿದ್ದ. ಅದೇ ಮೌನಿಯ ಎದೆಯಲ್ಲಿ ಮುಳ್ಳಾಡಿಸಿತು.

ಸೋಮವಾರ ಮೌನಿ ಮನೆಯಲ್ಲೇ ಬೆರಳು ಚುಚ್ಚಿ ರಕ್ತ ನೋಡಿಕೊಂಡ, ಹೊಟ್ಟೆತುಂಬ ತಿಂದ. ಅಂಗಡಿಯ ಮೆಟ್ಟಿಲ ಮೇಲೆ ಅಭ್ಯಾಸಬಲದಿಂದ ಕೈ ಕೈಪಟ್ಟಿಯ ಕೊಂಡಿಗೆ ಹೋಯಿತು. ಅಲ್ಲೇ ನಿಂತ. ಆಮೇಲೆ ಹಾಗೆಯೇ ಒಳಗೆ ಹೋದ.

ಸ್ವಲ್ಪ ಹೊತ್ತಿಗೆ ಮಾಸ್ತರರೇ ಬಂದರು. ಮನಸ್ಸು ದೊಡ್ಡದು ಮಾಡಿಕೊಂಡು ಬಂದಿದ್ದರು. ಕುರ್ಚಿಯಲ್ಲಿ ಕೂತು, “ಎಲ್ಲಿ, ಬಾಯಿ ತೆಗಿ, ವಾಸನೆ ನೋಡೋಣ” ಎಂದರು. ಸರದಿಗಾಗಿ ಬೆಂಚಿನ ಮೇಲೆ ಕಾಯುತ್ತಿದ್ದವನು ಕಿಸಕ್ಕೆಂದ.

ಮೌನಿ ಬಾಯಿ ತೆರೆಯಲಿಲ್ಲ. ಬಲಗೈ ಮುಂದೆ ಚಾಚಿದ. ಮಾಸ್ತರರು ಕನ್ನಡಕ ಏರಿಸಿ, ಹಿಂದೆಲ್ಲ ವಿಳಾಸ ಓದುತ್ತಿದ್ದಂತೆ, ಅಕ್ಷರ ಅಕ್ಷರವಾಗಿ ಓದಿದರು.

“ಹಾಗಾದ್ರೆ ಅವತ್ತು...”

“ಕುಡ್ದಿರ್ಲಿಲ್ಲ, ಸಾರ್. ಊಟ ತಪ್ಪಿತ್ತು.”

ಕನ್ನಡಿಯಲ್ಲಿ ಮಾವನ ಕತ್ತರಿ ನಿಂತದ್ದು ಕಂಡಿತು. ಮಾಸ್ತರರ ಕಣ್ಣು ಕೈಪಟ್ಟಿಯಿಂದ ಸರಿದು ಕತ್ತಿಯ ಮೇಲೆ ಒಂದು ಗಳಿಗೆ ಕೂತಿತು. ಕೈ ತಾನಾಗಿ ಗಂಟಲು ಸವರಿಕೊಂಡಿತು.

“ಇವತ್ತು ಕಟಿಂಗ್ ಮಾಡ್ಬಿಡು,” ಎಂದರು ಮೆಲ್ಲಗೆ. “ಗಡ್ಡ ಮನೇಲೇ ಮಾಡ್ಕೋತೀನಿ.”

“ಆಗ್ಲಿ, ಸಾರ್.”

ಕತ್ತರಿ ಆಡಿದಂತೆಲ್ಲ ತಗಡು ಬಾಚಣಿಗೆಗೆ ತಾಗುತ್ತಿತ್ತು. ಪ್ರತಿ ಸಲವೂ ಮಾಸ್ತರರ ಹೆಗಲು ಚೂರು ಬಿಗಿಯುತ್ತಿತ್ತು. ಕೆಲಸ ಮುಗಿದಾಗ ಅವರು ಬಾಗಿಲವರೆಗೆ ಹೋಗಿ ತಿರುಗಿದರು.

“ಸಕ್ಕರೆ ಎಲ್ಲಿಟ್ಟಿರ್ತೀಯ?”

“ಈ ಡ್ರಾಯರಲ್ಲಿ. ಎಚ್ಚರ ಇದ್ರೆ ಮಾತ್ರ ಕೊಡ್ಬೇಕು. ಇಲ್ದಿದ್ರೆ ಆಂಬುಲೆನ್ಸ್ ಕರೀಬೇಕು.”

ಇಷ್ಟು ಮಾತನ್ನು ಮೌನಿ ಅಂಗಡಿಯಲ್ಲಿ ಒಂದೇ ಉಸಿರಿಗೆ ಆಡಿದ್ದು ಅದೇ ಮೊದಲು. ಅವರು ತಲೆಯಾಡಿಸಿ ಹೊರಟರು.

ಬೆಂಚಿನವನು ಎದ್ದ. ಈಗ ನಗುತ್ತಿರಲಿಲ್ಲ. ಖಾಲಿ ಕುರ್ಚಿಯನ್ನೂ ಮೌನಿಯ ಮಣಿಕಟ್ಟನ್ನೂ ನೋಡಿ, “ನಾನು ನಿಮ್ಮಾವಂಗೇ ಕಾಯ್ತೀನಿ” ಎಂದು ಮತ್ತೆ ಕೂತ.

ಮಾವನ ಕಣ್ಣು ಕೈಪಟ್ಟಿಯಿಂದ ಡ್ರಾಯರಿನ ಕಡೆಗೆ ಹೋಗಿ ಬಂತು. ಮೌನಿ ಬಟ್ಟೆ ಕೊಡವಿ, ಕುರ್ಚಿಯ ಬೆನ್ನಿಗೆ ಕೈಯಿಟ್ಟು, ಕೈಪಟ್ಟಿ ಬೀದಿಗೆ ಕಾಣುವ ಹಾಗೆಯೇ, ಮುಂದಿನ ಗಿರಾಕಿಗೆ ಕಾಯುತ್ತ ನಿಂತ.