ಚಂದನಳನ್ನು ಕೇಳಿ ಬರೆಸಿದ ಉಯಿಲು

ಆಪರೇಷನ್ನಿಗೆ ದಿನ ಗೊತ್ತಾದ ಮೇಲೆ ಯಶೋದ ಉಯಿಲು ಬರೆಸಲು ಹೊರಟಳು. ಗಂಡ ಶಿವರಾಜು ತೀರಿಕೊಂಡು ಎರಡು ವರ್ಷವಾಗಿತ್ತು. ಮಳವಳ್ಳಿಯ ಬಾಡಿಗೆ ಮನೆಯಲ್ಲಿ ಬಟ್ಟೆ ಹೊಲಿಯುತ್ತ, ಒಂಬತ್ತು ವರ್ಷದ ಮಗಳು ಚಂದನಳನ್ನು ಅವಳು ಸಾಕುತ್ತಿದ್ದಳು.

"ಮಗು ಯಾರ ಹತ್ತಿರ ಇರ್ಬೇಕು ಅನ್ನೋದನ್ನೂ ಬರೆಸಿ," ಎಂದರು ವಕೀಲ ವೆಂಕಟೇಶಮೂರ್ತಿ. "ನಿಮ್ಮ ಯಜಮಾನರ ಪಾಲಿನ ಜಮೀನು ನೋಡ್ಕೊಳ್ಳೋರು ಒಬ್ಬರು, ಮಗು ಸಾಕೋರು ಇನ್ನೊಬ್ಬರು ಆಗ್ಬಹುದು."

ವಕೀಲರ ಆಫೀಸಿನಿಂದ ಬಂದು ಬಸ್ಸಿಗೆ ಕಾಯುತ್ತ ಕೂತ ಯಶೋದಳಿಗೆ ತನ್ನ ಎಂಟನೆಯ ವರ್ಷ ನೆನಪಾಯಿತು. ಅಪ್ಪ ಅವ್ವ ಇಬ್ಬರೂ ಹೋದ ವರ್ಷ ಅದು. ಹಿರಿಯರು ಜಗಲಿಯ ಮೇಲೆ ಎಲೆಯಡಿಕೆ ಮೆಲ್ಲುತ್ತ, ನಾಲ್ಕು ತಿಂಗಳು ದೊಡ್ಡಪ್ಪನ ಮನೆ, ನಾಲ್ಕು ತಿಂಗಳು ಮಾವನ ಮನೆ, ಮಿಕ್ಕದ್ದು ಚಿಕ್ಕಮ್ಮನ ಮನೆ ಎಂದು ತೀರ್ಮಾನಿಸಿದ್ದರು. ಬಾಗಿಲ ಹಿಂದೆ ನಿಂತಿದ್ದ ಅವಳನ್ನು ಯಾರೂ ಕೇಳಲಿಲ್ಲ. ಯಾರೂ ಕೆಟ್ಟವರಲ್ಲ, ಹೊಟ್ಟೆ ತುಂಬ ಉಣ್ಣಿಸಿದರು. ಆದರೂ ಅವಳ ಲಂಗಗಳು ಯಾವ ಮನೆಯಲ್ಲೂ ಚೀಲದಿಂದ ಆಚೆ ಬರಲಿಲ್ಲ.

ಅಂದು ಸಂಜೆ ಅವಳು ಮಗಳನ್ನು ಕೇಳಿದಳು. "ನಾನಿಲ್ದೆ ಇದ್ರೆ ಯಾರ ಮನೇಲಿರ್ತೀಯ ಮಗ?"

"ದೇವಿರತ್ತೆ ಮನೇಲಿ. ಅಪ್ಪ ಚಿಕ್ಕುಡ್ಗ ಆಗಿದ್ದಾಗ ಏನೇನ್ ಮಾಡ್ತಿತ್ತು ಅಂತ ಅತ್ತೆ ಮಾತ್ರನೇ ಯೋಳೋದು."

ದೇವಿರಮ್ಮ ಶಿವರಾಜುವಿನ ಅಕ್ಕ. ಗಂಡ ಸತ್ತ ಮೇಲೆ ಹೊಳಲಿನಲ್ಲಿ ತನ್ನ ತಮ್ಮ, ಶಿವರಾಜುವಿನ ಅಣ್ಣ ಪುಟ್ಟರಾಜುವಿನ ಮನೆಯ ಪಕ್ಕದಲ್ಲೇ ಇದ್ದಳು. ಭಾನುವಾರ ಯಶೋದ ಅಲ್ಲಿಗೆ ಹೋಗಿ ವಿಷಯ ಹೇಳಿದಳು. ಪುಟ್ಟರಾಜುವಿನ ಮುಖ ಸಣ್ಣದಾಯಿತು.

"ನಾನ್ ಬದ್ಕಿರುವಾಗ ಅಕ್ಕನ್ ಎಸ್ರು ಬರುಸ್ತೀಯಾ?"

"ಜಮೀನು ನೀವೇ ನೋಡ್ಕೊಳಿ ಭಾವ. ಮಗೀನ ಮಾತ್ರ ದೇವಿರಕ್ಕ ಸಾಕ್ಲಿ. ಚಂದನಳ್ನೇ ಕೇಳ್ದೆ, ಅವಳೇ ಯೋಳುದ್ಲು."

ಪುಟ್ಟರಾಜು ಹೆಗಲ ಮೇಲಿನ ಟವಲನ್ನು ಕೈಗೆ ತೆಗೆದುಕೊಂಡ. ಆಮೇಲೆ, "ಅವ್ವ ತೀರೋದಾಗ ಶಿವ್ರಾಜ ತೊಟ್ಲಲ್ಲಿದ್ದ," ಎಂದ. "ಅಕ್ಕಂಗೆ ಅದ್ನಾಲ್ಕು ವರ್ಸ. ಇಸ್ಕೂಲು ಬುಟ್ಟು ಮನೇಲಿ ನಿಂತ್ಲು. ಮುದ್ದೇನ ಊದಿ ಊದಿ ಆರ್ಸಿ ನಮ್ಮಿಬ್ರಿಗೂ ಉಣ್ಣುಸ್ತಿದ್ಲು." ಟವಲಿನಲ್ಲಿ ಮುಖ ಒರೆಸಿಕೊಂಡ. "ಬರ್ಸು ಓಗಮ್ಮ. ಸಾಕ್ಸಿಗೆ ನಾನೇ ಬತ್ತೀನಿ."

ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ ದೇವಿರಮ್ಮ ಯಶೋದಳ ತಲೆ ಸವರಿದಳು. "ನಿಂಗೇನೂ ಆಗಕಿಲ್ಲ ಕಣಮ್ಮ. ಆದ್ರೂ ಬರ್ಸು. ಮಗೀಗೆ ನಾನಿವ್ನಿ."

ಉಯಿಲು ರಿಜಿಸ್ಟರ್ ಆಯಿತು. ಆಪರೇಷನ್ನೂ ಸುಸೂತ್ರವಾಗಿ ಮುಗಿಯಿತು. ಎರಡು ತಿಂಗಳ ನಂತರ, ಆಪರೇಷನ್ನಿಗೆ ಮುಂಚೆ ಯಶೋದ ಹೊತ್ತ ಹರಕೆ ತೀರಿಸಲು ಎಲ್ಲರೂ ಹೊಳೆ ದಡದ ಮುತ್ತತ್ತಿ ದೇವಸ್ಥಾನಕ್ಕೆ ಹೋದರು. ಮದುವೆಯಾದ ಹೊಸತರಲ್ಲಿ ಶಿವರಾಜು ಅವಳನ್ನು ಮೊದಲು ಕರೆತಂದಿದ್ದು ಅಲ್ಲಿಗೇ. ದೇವಿರಮ್ಮ ಚಂದನಳ ಕೈ ಹಿಡಿದು ನೀರಿಗಿಳಿದಳು. ಯಶೋದ ದಡದ ಬಂಡೆಯ ಮೇಲೆ ಕೂತು, ಆ ದಿನ ಗಂಡ ಆಡಿದ ಒಂದೊಂದೇ ಮಾತನ್ನು, ಮಗಳಿಗೆ ಹೇಳಲೆಂದು, ನಿಧಾನವಾಗಿ ನೆನಪು ಮಾಡಿಕೊಂಡಳು.