ಇಳಿಯದ ಪೆಡಲ್

ಟಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಟಕ್.

ನಡುರಾತ್ರಿಯಲ್ಲಿ ಕೆಳಗಿನ ಗ್ಯಾರೇಜಿನಿಂದ ಬರುತ್ತಿದ್ದ ಸದ್ದು. ಬೇರೆಯವರಾಗಿದ್ದರೆ ಇಲಿಯೆಂದು ಮಗ್ಗುಲು ಬದಲಿಸುತ್ತಿದ್ದರು. ನನಗೆ ಅದರ ಗುರುತಿತ್ತು. ತುಳಿದ ಬ್ರೇಕ್ ಪೆಡಲ್ ಕಾಲು ತೆಗೆದಾಗ ಮೇಲೆ ಬಂದು ತನ್ನ ಜಾಗದಲ್ಲಿ ಕೂರುವ ಸದ್ದು. ಈ ಬೇಸಿಗೆಯ ಭಾನುವಾರಗಳೆಲ್ಲ ಅದನ್ನು ಕೇಳಿಯೇ ಕಳೆದಿದ್ದವು. ಆದರೆ ತುಳಿ ಎಂದು ಹೇಳುತ್ತಿದ್ದವನು ಈಗ ಎರಡೂ ಮೊಣಕಾಲು ಪುಡಿಯಾಗಿ ಆಸ್ಪತ್ರೆಯಲ್ಲಿದ್ದ. ಅವನ ಪಕ್ಕದಲ್ಲಿ ಅವನ ಅಣ್ಣ, ಅಂದರೆ ನನ್ನ ಗಂಡ, ಕೂತಿದ್ದರು. ಮನೆಯಲ್ಲಿ ಉಳಿದಿದ್ದವರು ನಾನು ಮತ್ತು ನನ್ನ ಓರಗಿತ್ತಿ, ಇಬ್ಬರೇ.

ಚಪ್ಪಲಿ ಹಾಕಿಕೊಳ್ಳದೆ ಹೊರಮೆಟ್ಟಿಲಿಳಿದು ಹೋದೆ. ಗ್ಯಾರೇಜಿನ ಬಾಗಿಲು ಅರ್ಧ ತೆರೆದಿತ್ತು. ಮಾವನವರ ಕಾಲದ ಆ ಕಾರಿನ ಡ್ರೈವರ್ ಸೀಟಿನಲ್ಲಿ ಅವಳು ನೆಟ್ಟಗೆ ಕೂತಿದ್ದಳು, ಪರೀಕ್ಷೆಗೆ ಕೂತವಳ ಹಾಗೆ. ಬಟ್ಟೆ ಸುತ್ತಿದ ಬಲಗೈ ಮಡಿಲಲ್ಲಿತ್ತು. ಕಾಲು ಮಾತ್ರ ಕೆಲಸ ಮಾಡುತ್ತಿತ್ತು.

"ಇಳೀತಾನೇ ಇಲ್ಲ ಅಕ್ಕ," ಅಂದಳು, ನನ್ನ ಕಡೆ ನೋಡದೆ. "ಎಷ್ಟು ತುಳಿದ್ರೂ ಕಲ್ಲು."

ಅವಳು ಏನು ಹುಡುಕುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಸಂಜೆ ನನ್ನ ಗಂಡ ಆಸ್ಪತ್ರೆಯಿಂದ ಫೋನ್ ಮಾಡಿದ್ದರು. ತಮ್ಮನಿಗೆ ಪ್ರಜ್ಞೆ ಬಂದಿದೆ, ಬಂದಾಗಿನಿಂದ ಒಂದೇ ಮಾತು, ಅವಳು ಬೇಕಂತಲೇ ಕಾಲು ತೆಗೆದಳು ಅನ್ನುತ್ತಿದ್ದಾನೆ ಎಂದರು. ಬೆಳಿಗ್ಗೆ ಮೆಕ್ಯಾನಿಕ್ಕನ್ನು ಕರೆತರುತ್ತೇನೆ, ಅಲ್ಲಿಯವರೆಗೆ ಯಾರೂ ಕಾರು ಮುಟ್ಟಬೇಡಿ ಎಂದರು. ಬ್ರೇಕು ಕೆಟ್ಟು ಪೆಡಲ್ ನೆಲದ ತನಕ ಇಳಿದರೆ ಅದು ಅವನ ಹಣೆಬರಹ. ಸರಿಯಾಗಿದ್ದರೆ ತಾವೇ ಪೊಲೀಸ್ ಸ್ಟೇಷನ್ನಿಗೆ ಹೋಗಿ ಅವಳ ಮೇಲೆ ದೂರು ಬರೆದುಕೊಡುವುದಾಗಿ ಹೇಳಿದರು. "ನೀನು ಹೇಳೋದೂ ಬೇಡ, ನಾನು ಹೇಳೋದೂ ಬೇಡ. ಬ್ರೇಕೇ ಹೇಳುತ್ತೆ," ಅಂದರು. ಅವರ ದನಿ ದೊಡ್ಡದು. ಪಕ್ಕದಲ್ಲಿ ನಿಂತಿದ್ದ ಅವಳಿಗೆ ಎಲ್ಲವೂ ಕೇಳಿಸಿತ್ತು.

ನನ್ನ ಮೈದುನ ಒಳ್ಳೆಯ ಕೆಲಸಗಾರ. ಅದನ್ನು ಇಲ್ಲವೆನ್ನಲಾರೆ. ಹಗಲೆಲ್ಲ ಕಾರ್ಖಾನೆಯ ಯಂತ್ರಗಳ ಉಸ್ತುವಾರಿ, ಮನೆಗೆ ಬಂದರೆ ಈ ಕಾರು. ಅದರ ಹಳೆಯ ಡ್ರಮ್ ಬ್ರೇಕುಗಳನ್ನು ಕಿತ್ತು ನಾಲ್ಕೂ ಚಕ್ರಗಳಿಗೆ ಡಿಸ್ಕ್ ಹಾಕಿಯೇ ಸಿದ್ಧ ಎಂದು ಹಟ ಹಿಡಿದಿದ್ದ. "ಮುದುಕಿಗೆ ಹೊಸ ಹಲ್ಲು ಕಟ್ಟಿಸ್ತಿದೀನಿ ಅತ್ತಿಗೆ," ಎಂದು ನಗುತ್ತಿದ್ದ. ಅವನು ನಕ್ಕಾಗ ಹೆಂಡತಿಯೂ ನಗಬೇಕಿತ್ತು. ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ಅವಳ ಮುಂದಿನ ಹಲ್ಲೊಂದು ಇರಲಿಲ್ಲ.

ಅದು ಹೋದದ್ದು ಹೇಗೆಂದರೆ, ಅವನು ಕೈ ಮಾಡುತ್ತಾನೆಂದು ನಾನು ನನ್ನ ಗಂಡನಿಗೆ ಹೇಳಿದ್ದೆ. ಅವರು ತಮ್ಮನನ್ನು ಕರೆದು ಬುದ್ಧಿ ಹೇಳಿದರು. ಅವನು ತಲೆತಗ್ಗಿಸಿ ಕೇಳಿಕೊಂಡು ಹೋದ. ಆ ರಾತ್ರಿ ಕೆಳಮನೆಯಲ್ಲಿ ಏನೋ ಗೋಡೆಗೆ ಬಡಿದ ಸದ್ದು, ಆಮೇಲೆ ನಲ್ಲಿ ಬಹಳ ಹೊತ್ತು ಸುರಿದ ಸದ್ದು. ಬೆಳಿಗ್ಗೆ ಹರಿದ ತುಟಿಯಲ್ಲಿ ಅವಳು ನನ್ನನ್ನು ಬೇಡಿಕೊಂಡದ್ದು, ಇನ್ನು ಮೇಲೆ ಯಾರಿಗೂ ಏನೂ ಹೇಳಬೇಡಿ ಎಂದು. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರೆ. ಬಾಯಿ ಬಿಟ್ಟದ್ದು ನಾನು, ಕೆಟ್ಟದ್ದು ಅವಳ ಮುಖ. ಅಂದಿನಿಂದ ಮಾತನ್ನು ಅಳೆದು ಆಡುತ್ತೇನೆ. ನೋಡುವುದನ್ನು ಮಾತ್ರ ಬಿಟ್ಟಿಲ್ಲ.

ಹಾಗಾಗಿ ಆ ಕೆಲಸವನ್ನೆಲ್ಲ ನೋಡಿದ್ದೇನೆ. ತುಕ್ಕು ಹಿಡಿದ ಡ್ರಮ್ಮುಗಳನ್ನು ಅವನು ಸುತ್ತಿಗೆಯಿಂದ ಬಡಿದು ಬಡಿದು ತೆಗೆದ. ಒಳಗಿನ ಸ್ಪ್ರಿಂಗೊಂದು ಚಿಮ್ಮಿ, ಟಾರ್ಚು ಹಿಡಿದು ನಿಂತಿದ್ದ ಅವಳ ಹುಬ್ಬು ಸೀಳಿತು. ರಕ್ತ ನೋಡಿ ಅವನಿಗೆ ಸಿಟ್ಟು ಬಂತು, ಬೆಳಕು ಅಲ್ಲಾಡಿತೆಂದು. ಆಮೇಲೆ ಹೊಸ ಪೈಪುಗಳಿಗೆ ಬ್ರೇಕ್ ಆಯಿಲ್ ತುಂಬಿ ಒಳಗಿನ ಗಾಳಿ ತೆಗೆಯುವ ಕೆಲಸ. ಅದಕ್ಕೆ ಇಬ್ಬರು ಬೇಕು. ಒಬ್ಬರು ಸೀಟಿನಲ್ಲಿ ಕೂತು ಪೆಡಲ್ ತುಳಿದು ಹಿಡಿಯಬೇಕು. ಇನ್ನೊಬ್ಬರು ಕೆಳಗೆ ಮಲಗಿ ಚಕ್ರದ ಹಿಂದಿರುವ ಸಣ್ಣ ತಿರುಪನ್ನು ಸಡಿಲಿಸಬೇಕು. ಗಾಳಿ ಬೆರೆತ ಎಣ್ಣೆ ಬುಳಬುಳನೆ ಹೊರಗೆ ಬರುತ್ತದೆ. ತಿರುಪು ಮತ್ತೆ ಬಿಗಿಯಾಗುವ ತನಕ ಮೇಲಿನವರು ಕಾಲು ತೆಗೆಯಕೂಡದು. ತೆಗೆದರೆ ಗಾಳಿ ಪುನಃ ಒಳಗೆ.

ತುಳಿ, ಹಿಡಿ, ಬಿಡು. ಕಾರಿನಡಿಯಿಂದ ಅವನ ದನಿ ಬರುತ್ತಿತ್ತು. ಒಂದು ಸಲ ಅವಳು ಬಿಡು ಅನ್ನುವ ಮೊದಲೇ ಬಿಟ್ಟಳು. ಅವನು ಅವಸರವಿಲ್ಲದೆ ಹೊರಗೆ ಬಂದ, ಬಾಗಿಲು ತೆರೆದ, ಕೈಯಲ್ಲಿದ್ದ ಸ್ಪ್ಯಾನರಿನಿಂದ ಅವಳ ಮೊಣಕಾಲಿನ ಕೆಳಗಿನ ಎಲುಬಿಗೆ ಎರಡು ಬಾರಿಸಿದ. "ನಿಂಗೆ ಹೇಳಿ ಪ್ರಯೋಜನ ಇಲ್ಲ. ಕಾಲಿಗೇ ಹೇಳ್ಬೇಕು," ಅಂದ. ಆಮೇಲೆ ಆ ಕಾಲು ಎಂದೂ ತಪ್ಪಲಿಲ್ಲ.

ಆ ರಾತ್ರಿಗೆ ಮುಂಚಿನ ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು, ಕೈಬ್ರೇಕು ಒಂದು ಬಿಟ್ಟು. ಅದರ ಹಳೆಯ ವಯರು ಹೊಸ ಡಿಸ್ಕಿಗೆ ಹೊಂದದೆ ಕೆಳಗೆ ಜೋತಾಡುತ್ತಿತ್ತು. ನಮ್ಮ ಗ್ಯಾರೇಜು ರಸ್ತೆಗಿಂತ ತಗ್ಗಿನಲ್ಲಿದೆ. ರಸ್ತೆಯಿಂದ ಒಳಕ್ಕೆ ಸಿಮೆಂಟಿನ ಇಳಿಜಾರು. ಅವನು ಕಾರನ್ನು ಆ ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿದ್ದ. ಅವಳಿಗೆ ಪೆಡಲ್ ತುಳಿದು ಹಿಡಿಯಲು ಹೇಳಿ ಚಕ್ರಗಳಿಗೆ ಕೊಟ್ಟಿದ್ದ ಕಲ್ಲುಗಳನ್ನು ಒಂದೊಂದಾಗಿ ಒದ್ದು ತೆಗೆದ. ಕಾರು ಕದಲಲಿಲ್ಲ. ಹಿಂದಿನ ಎರಡು ಕೆಂಪು ದೀಪ ಉರಿಯುತ್ತಿದ್ದವು. ನಾನು ಹೊರಮೆಟ್ಟಿಲಿನ ಕಂಬಿಗೆ ಬಟ್ಟೆ ಹರವುತ್ತಿದ್ದೆ.

"ನೋಡಿ ಅತ್ತಿಗೆ," ಎಂದು ಕೂಗಿದ. "ಬೆಟ್ಟದ ಮೇಲೆ ನಿಲ್ಲಿಸಿದ್ರೂ ನಿಲ್ತಾಳೆ ಮುದುಕಿ."

ನಿಜವಾಗಿಯೂ ಸಂತೋಷದಲ್ಲಿದ್ದ. ಕಾರಿನ ಮುಂದೆ ಹೋಗಿ, ಕೆಲಸದ ಮೇಜಿಗೆ ಬೆನ್ನು ಕೊಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತ. ಆಗ ಬಾನೆಟ್ಟಿನ ಮೇಲೆ ಅವನ ಕಣ್ಣು ಬಿತ್ತು. ಬೆಳಿಗ್ಗೆ ಆಯಿಲ್ ಹಾಕುವಾಗ ಅವಳ ಕೈ ತಪ್ಪಿ ಒಂದು ಗೆರೆ ಚೆಲ್ಲಿತ್ತು. ಒರೆಸಿದ್ದಳು, ಆದರೆ ಬ್ರೇಕ್ ಆಯಿಲ್ ಬಣ್ಣವನ್ನು ತಿನ್ನುತ್ತದೆ. ಅಷ್ಟುದ್ದ ಬಣ್ಣ ಸುಟ್ಟ ಚರ್ಮದಂತೆ ಗುಳ್ಳೆ ಎದ್ದಿತ್ತು.

ಅವನು ಕೂಗಾಡಲಿಲ್ಲ. ಮೇಜಿನ ಮೇಲಿನ ದೊಡ್ಡ ಸ್ಪ್ಯಾನರ್ ಎತ್ತಿಕೊಂಡು ಡ್ರೈವರ್ ಕಿಟಕಿಯ ಹತ್ತಿರ ಬಂದ.

"ಕಾಲು ತೆಗೀಬೇಡ," ಅಂದ.

ಅವಳ ಬಲಗೈ ಕಿಟಕಿಯ ಅಂಚಿನ ಮೇಲಿತ್ತು. ಅದರ ಮೇಲೆ ಹೊಡೆದ. ಕೊಂಬೆ ಮುರಿದಂಥ ಸದ್ದು ಮೆಟ್ಟಿಲಿನವರೆಗೆ ಬಂತು. ದೀಪಗಳು ಹಾಗೇ ಉರಿಯುತ್ತಿದ್ದವು. ಕೈ ಹಿಂದಕ್ಕೆಳೆದುಕೊಂಡಳು, ಅವನು ಒಳಗೆ ಕೈ ಹಾಕಿ ಜುಟ್ಟು ಹಿಡಿದು ಅವಳ ತಲೆಯನ್ನು ಬಾಗಿಲ ಚೌಕಟ್ಟಿಗೆ ಬಡಿದ. ಬಡಿದು, ಬಗ್ಗಿ ಹಿಂದಿನ ದೀಪಗಳನ್ನು ನೋಡಿದ. ಮತ್ತೆ ಬಡಿದ, ಮತ್ತೆ ನೋಡಿದ. ಅವನು ಅವಳನ್ನೂ ಬ್ರೇಕನ್ನೂ ಒಟ್ಟಿಗೇ ಪರೀಕ್ಷೆ ಮಾಡುತ್ತಿದ್ದಾನೆಂದು ನನಗೆ ಹೊಳೆಯಿತು. ಕೈಯಲ್ಲಿದ್ದ ಒದ್ದೆ ಬಟ್ಟೆ ಬಿಟ್ಟು ಎರಡು ಮೆಟ್ಟಿಲಿಳಿದೆ. ಅವನು ಮೇಲೆ ನೋಡಿ, ಸ್ಪ್ಯಾನರ್ ಹಿಡಿದ ಕೈಯಿಂದಲೇ ನನ್ನನ್ನು ತಡೆದ. "ನೀವು ನಿಮ್ಮ ಬಟ್ಟೆ ನೋಡ್ಕೊಳ್ಳಿ ಅತ್ತಿಗೆ. ಇದು ನಮ್ಮ ಕೆಲಸ."

ಅವಳ ಹುಬ್ಬಿನ ಹಳೆಯ ಗಾಯ ಬಿರಿದು ರಕ್ತ ಕಣ್ಣಿಗೆ ಇಳಿಯುತ್ತಿತ್ತು. ಅವನು ತೃಪ್ತಿಯಾದವನಂತೆ ಜೇಬಿನ ಬಟ್ಟೆ ತೆಗೆದು ಮತ್ತೆ ಕಾರಿನ ಮುಂದೆ ಹೋದ. ಮೇಜಿಗೂ ಬಂಪರಿಗೂ ನಡುವೆ ನಿಂತು, ಬಾನೆಟ್ಟಿನ ಮೇಲೆ ಬಗ್ಗಿ, ಮಗುವಿನ ಮುಖ ಒರೆಸುವ ಹಾಗೆ ಆ ಗುಳ್ಳೆಗಳನ್ನು ಒರೆಸತೊಡಗಿದ.

ದೀಪಗಳು ಆರಿದವು. ಆಮೇಲೆ ಕಾರು ಹೊರಟಿತು.

ಅದು ಹೆಚ್ಚು ದೂರವೂ ಹೋಗಲಿಲ್ಲ, ಹೆಚ್ಚು ಜೋರಾಗಿಯೂ ಹೋಗಲಿಲ್ಲ. ಮೇಜಿನ ಕಬ್ಬಿಣದ ಕಾಲಿಗೂ ಬಂಪರಿಗೂ ನಡುವೆ ಅವನ ಮೊಣಕಾಲುಗಳು ಸಿಕ್ಕವು. ಅವನ ಅರಚಾಟಕ್ಕೆ ಬೀದಿಯವರೆಲ್ಲ ಬಂದು ಕಾರನ್ನು ಹಿಂದಕ್ಕೆ ತಳ್ಳಿ, ಕಲ್ಲು ಕೊಟ್ಟು, ಅವನನ್ನು ಎತ್ತಿದರು. ಒಂದು ಪಾದ ತಿರುಗಬಾರದ ಕಡೆಗೆ ತಿರುಗಿತ್ತು. ಬ್ರೇಕ್ ಹೋಯ್ತಾ, ಬ್ರೇಕ್ ಹೋಯ್ತಾ ಎಂದು ಎಲ್ಲರೂ ಅವಳನ್ನು ಕೇಳಿದರು. ಅವಳು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಆದರೆ ಪೆಡಲ್ ತುಳಿದಷ್ಟು ಹೊತ್ತು ಆ ದೀಪಗಳು ಉರಿಯುತ್ತವೆಂದು, ಬ್ರೇಕು ಹೋದರೂ ಉರಿಯುತ್ತವೆಂದು, ಅವನು ಹಿಂದೊಮ್ಮೆ ನನಗೆ ತೋರಿಸಿದ್ದ. ಅವು ಮೊದಲು ಆರಿದ್ದನ್ನು ನೋಡಿದವಳು ನಾನೊಬ್ಬಳೇ.

ಟಕ್, ಎಂದಿತು ಪೆಡಲ್. ಅವಳ ಕಾಲು ನಿಂತಿತು.

"ಬೆಳಿಗ್ಗೆ ಇದನ್ನ ತುಳಿದು ನೋಡ್ತಾರೆ ಅಲ್ವಾ ಅಕ್ಕ?"

ನಾನು ಸ್ಟೀರಿಂಗನ್ನು ಪೂರ್ತಿ ಒಂದು ಬದಿಗೆ ತಿರುಗಿಸಲು ಹೇಳಿದೆ. ಒಂದೇ ಕೈಯಲ್ಲಿ ಕಷ್ಟಪಟ್ಟು ತಿರುಗಿಸಿದಳು. ಮುಂದಿನ ಚಕ್ರ ಓರೆಯಾಗಿ ಅದರ ಹಿಂದೆ ಕೈ ಹೋಗುವಷ್ಟು ಜಾಗವಾಯಿತು. ಗೋಡೆಯ ಹಲಗೆಯ ಮೇಲೆ ಅವನ ಸ್ಪ್ಯಾನರುಗಳೆಲ್ಲ ಸಾಲಾಗಿ ತೂಗುತ್ತಿದ್ದವು. ಪ್ರತಿಯೊಂದರ ಹಿಂದೆಯೂ ಅದರದೇ ಆಕಾರವನ್ನು ಬಿಳಿ ಬಣ್ಣದಲ್ಲಿ ಬರೆದಿದ್ದ. ಎರಡು ತೆಗೆದು ನೋಡಿದೆ, ಮೂರನೆಯದು ಸರಿಹೊಂದಿತು. ನೆಲದ ಮೇಲೆ ಅಂಗಾತ ಮಲಗಿದೆ. ಸಂಜೆ ನಾವು ನೀರು ಹಾಕಿ ಉಜ್ಜಿದ್ದ ಜಾಗ ಇನ್ನೂ ಅಂಟುತ್ತಿತ್ತು. ಅವನ ರಕ್ತ ನನ್ನ ಜಡೆಗೆ ಹತ್ತುತ್ತಿದೆ ಎಂದು ತಿಳಿದೂ ಏಳಲಿಲ್ಲ.

ತುಳಿ ಎನ್ನಲು ಬಾಯಿ ತೆರೆದೆ. ಆ ಮಾತು ನನ್ನಿಂದ ಆಗಲಿಲ್ಲ.

"ಸ್ವಲ್ಪ ತುಳೀತೀಯೇನೇ?" ಅಂದೆ.

ತುಳಿದಳು. ತಿರುಪು ಕದಲಲಿಲ್ಲ. ಅವನ ತೋಳಿನ ಬಲವೆಲ್ಲ ಅದರಲ್ಲಿ ಕೂತಿತ್ತು. ಎರಡೂ ಕೈಯಲ್ಲಿ ಹಿಡಿದು, ಪಾದವನ್ನು ಗೋಡೆಗೆ ಒತ್ತಿ ಎಳೆದೆ. ಕೈ ಜಾರಿ ಗೆಣ್ಣುಗಳ ಚರ್ಮ ಕಿತ್ತುಹೋಯಿತು. ಮತ್ತೆ ಎಳೆದೆ. ಚಿಕ್ಕದಾಗಿ ಕಿರ್ ಎಂದು ಬಿಟ್ಟುಕೊಟ್ಟಿತು. ತಣ್ಣನೆಯ ಎಣ್ಣೆ ಮಣಿಕಟ್ಟಿನ ಮೇಲೆ, ಕೆನ್ನೆಯ ಮೇಲೆ ಚಿಮ್ಮಿತು.

"ಇಳೀತು," ಅಂದಳು ಮೇಲಿನಿಂದ. ಆ ದನಿಯನ್ನು ನಾನು ಅವಳಲ್ಲಿ ಕೇಳಿರಲಿಲ್ಲ. "ನೆಲದ ತನಕ ಇಳೀತು ಅಕ್ಕ."

ತಿರುಪನ್ನು ಬೆರಳಿನಿಂದ ತಿರುಗಿಸಿದಷ್ಟೇ ಬಿಗಿ ಮಾಡಿ ಬಿಟ್ಟೆ. ಸ್ಪ್ಯಾನರನ್ನು ಒರೆಸಿ ಅದರ ಬಿಳಿಯ ಆಕಾರದ ಮೇಲೆ ತೂಗುಹಾಕಿದೆ. ಅವಳು ಕೆಳಗಿಳಿದು ನನ್ನೆದುರು ನಿಂತಳು. "ಅಕ್ಕ, ಮಧ್ಯಾಹ್ನ ನಾನು..." ಎಂದು ಶುರುಮಾಡಿದಳು.

"ಮೊದಲು ಮುಖ ತೊಳ್ಕೊಳ್ಳೋಣ," ಅಂದೆ. "ಈ ಎಣ್ಣೆ ಚರ್ಮಕ್ಕೆ ಒಳ್ಳೇದಲ್ಲ."

ಬೆಳಿಗ್ಗೆ ನನ್ನ ಗಂಡ ಮೆಕ್ಯಾನಿಕ್ಕನ್ನು ಕರೆದುಕೊಂಡು ಬಂದರು. ನಿದ್ದೆಗೆಟ್ಟ ಕಣ್ಣು, ಬಿಗಿದ ದವಡೆ. ಅವಳ ಕೈಯನ್ನಾಗಲಿ ಹುಬ್ಬನ್ನಾಗಲಿ ಅವರು ನೋಡಲಿಲ್ಲ. ಮೆಕ್ಯಾನಿಕ್ ದಪ್ಪ ಮನುಷ್ಯ, ಮಾತುಗಾರ. ಸೀಟಿನಲ್ಲಿ ಕೂತು ಒಂದು ಸಲ ತುಳಿದ. ಪೆಡಲ್ ಧಡ್ಡನೆ ನೆಲಕ್ಕೆ ಹೋಯಿತು. ಕೆಳಗೆ ಬಗ್ಗಿ ಎಣ್ಣೆಯ ಮಡು ನೋಡಿದ, ತಿರುಪನ್ನು ಬೆರಳಲ್ಲೇ ತಿರುಗಿಸಿ ತೋರಿಸಿದ. ಹಳೇ ಕಾರು, ನಾಲ್ಕೂ ಚಕ್ರಕ್ಕೆ ಒಂದೇ ಪೈಪು, ಒಂದು ಕಡೆ ಸೋರಿದರೆ ನಾಲ್ಕೂ ಹೋದ ಹಾಗೆ ಎಂದು ವಿವರಿಸಿದ.

"ಮನೇಲಿ ಕೂದಲು ಕತ್ತರಿಸ್ಕೋಬಹುದು ಸಾರ್, ಕೆಟ್ರೆ ಬೆಳೆಯುತ್ತೆ," ಅಂದ. "ಬ್ರೇಕು ಕಟ್ಕೋಬಾರ್ದು."

ನನ್ನ ಗಂಡ ನಗಲಿಲ್ಲ. ತಮ್ಮನ ಕೆಲಸ ಸಡಿಲವಾಗಿತ್ತೆಂದು ನಂಬಲು ಅವರಿಗೆ ಕಷ್ಟವಾಗುತ್ತಿತ್ತು. ಕಾರು ಹಿಂದಕ್ಕೆ ತಳ್ಳುವಾಗ ಏನಾದರೂ ಸಡಿಲವಾಗಿರಬಹುದಲ್ಲ ಎಂದು ಕೇಳಿದರು. ಮೆಕ್ಯಾನಿಕ್ ತಲೆ ಕೆರೆದುಕೊಂಡ. ಅದನ್ನು ಹೇಳುವುದು ಕಷ್ಟ, ಆದರೆ ಒಂದು ಉಪಾಯವಿದೆ, ಗಾಡಿ ಹೊರಟಾಗ ಹಿಂದಿನ ದೀಪ ಉರಿಯುತ್ತಿತ್ತಾ ಎಂದು ಯಾರಾದರೂ ನೋಡಿದ್ದರೆ ಸಾಕು ಅಂದ. ಉರಿಯುತ್ತಿದ್ದರೆ ಕಾಲು ಪೆಡಲ್ ಮೇಲೇ ಇತ್ತು.

ನನ್ನ ಗಂಡ ನನ್ನ ಕಡೆ ತಿರುಗಿದರು. "ನೀನು ಮೆಟ್ಟಿಲ ಮೇಲಿದ್ದೆ."

ಅವಳು ಬಾಗಿಲ ಬಳಿ ನಿಂತಿದ್ದಳು. ಅವಳ ಕಾಲ ಹೆಬ್ಬೆರಳು ನೆಲವನ್ನು ಒತ್ತಿ ಹಿಡಿದಿತ್ತು, ಹೇಳುವ ತನಕ ಬಿಡಬಾರದು ಎಂಬಂತೆ. ನೆನಪಿಲ್ಲ, ಸರಿಯಾಗಿ ನೋಡಲಿಲ್ಲ ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡಲು ನನಗೆ ಚೆನ್ನಾಗಿ ಬರುತ್ತದೆ. ಇಷ್ಟು ವರ್ಷ ಅದನ್ನೇ ಮಾಡಿದ್ದೇನೆ. ಈಗ ಅದು ಸಾಲದು.

"ಉರೀತಿತ್ತು," ಅಂದೆ.

"ಕೊನೇ ತನಕ?"

"ಅವನಿಗೆ ತಗಲೋ ತನಕ. ಆಮೇಲೂ."

ಅವರು ನನ್ನ ಮುಖವನ್ನೇ ನೋಡಿದರು. ಮಾತು ಅಳೆದು ಆಡುವವಳು, ಇಲ್ಲದ್ದು ಹೇಳುವವಳಲ್ಲ ಎಂದು ನೆಂಟರೆದುರು ಅವರೇ ನನ್ನನ್ನು ಹೊಗಳಿದ್ದುಂಟು. ಉಸಿರು ಬಿಟ್ಟು ಫೋನ್ ತೆಗೆದು ಆಸ್ಪತ್ರೆಗೆ ಮಾತಾಡಿದರು. ಆ ಕಡೆಯಿಂದ ಮೈದುನನ ಕೂಗು ನಮಗೆಲ್ಲ ಕೇಳಿಸಿತು, ನನ್ನ ಕೆಲಸ ಸೋರಲ್ಲ, ನನ್ನ ಕೆಲಸ ಸೋರಲ್ಲ ಎಂದು. ಅವನು ಹೇಳುತ್ತಿದ್ದುದು ಸತ್ಯ. ನನ್ನ ಗಂಡ ಫೋನನ್ನು ಕಿವಿಯಿಂದ ದೂರ ಹಿಡಿದು, ನೋವಿನಲ್ಲಿ ಏನೇನೋ ಆಡುತ್ತಾನೆ ಅಂದರು. ಆಮೇಲೆ ಮೊದಲ ಬಾರಿಗೆ ಅವಳ ಕೈ ನೋಡಿ, ಕೈ ಸರಿಹೋಗುವ ತನಕ ತವರಿಗೆ ಹೋಗಿರಲಿ, ಅವನನ್ನು ನಾವು ನೋಡಿಕೊಳ್ಳೋಣ ಎಂದರು.

ಅವರಿಬ್ಬರೂ ಹೋದ ಮೇಲೆ ಅವಳು ಮೆಟ್ಟಿಲು ಹತ್ತಿ ಬಂದಳು. ನಿನ್ನೆಯ ಬಟ್ಟೆಗಳು ಕಂಬಿಯ ಮೇಲೇ ಇದ್ದವು, ಒಣಗಿ ಸೆಟೆದು.

"ಅಕ್ಕ," ಅಂದಳು, "ದೀಪ ನಿಜವಾಗ್ಲೂ ಉರೀತಿತ್ತಾ? ನಂಗೇ ಗೊತ್ತಾಗ್ತಿಲ್ಲ. ಕಾಲು ತಾನಾಗೇ ಜಾರಿತೋ, ನಾನೇ ತೆಗೆದ್ನೋ."

ಅವಳ ಕಣ್ಣುಗಳಲ್ಲಿ ಒಂದು ಊದಿ ಮುಚ್ಚಿತ್ತು. ಇನ್ನೊಂದು ನನ್ನ ಉತ್ತರಕ್ಕೆ ಕಾಯುತ್ತಿತ್ತು. ದೀಪಗಳು ಆರಿದ್ದನ್ನು ನನ್ನ ಗಂಡನಿಗಾಗಲಿ, ಪೊಲೀಸರು ಬಂದರೆ ಅವರಿಗಾಗಲಿ ಹೇಳುವುದಿಲ್ಲವೆಂದು ರಾತ್ರಿಯೇ ನಿರ್ಧರಿಸಿದ್ದೆ. ಈಗ ಇವಳಿಗೂ ಹೇಳುವುದಿಲ್ಲ ಎಂದುಕೊಂಡೆ.

"ಉರೀತಿತ್ತು ಕಣೇ," ಅಂದೆ, ಬಟ್ಟೆ ಮಡಚುತ್ತ. "ಹೋಗು, ನಿನ್ನ ಪೆಟ್ಟಿಗೆ ತಗೊಂಡ್ಬಾ. ಒಂದು ಕೈಯಲ್ಲಿ ನಿಂಗೆ ತುಂಬಕ್ಕಾಗಲ್ಲ."